ಹಳೇ ಮನೆಗೆ ಹೊಸ ಕಣ್ಣು

ಶಿಕಾರಿಪುರ, ಸೊರಬ ಸೀಮೆಯ ಕಿಟಕಿಗಳು ಹೇಳುವ ಕಥೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಎಲ್ಲರಿಗೂ ಗೊತ್ತು. ಅಜ್ಜನೋ ಅಪ್ಪನೋ ಕಟ್ಟಿಸಿದ ಮನೆಯನ್ನು ದುರಸ್ತಿ ಮಾಡಿಸಲು ಹೊರಟವರು ಈ ಗಾದೆಗೆ ‘ಹಳೇ ಮನೆಗೆ ಹೊಸ ಕಿಟಕಿ ಇಡಿಸಿ ನೋಡು’ ಎಂದು ಇನ್ನೊಂದು ತುಂಡು ಸೇರಿಸಿದರೆ ತಪ್ಪೇನೂ ಇಲ್ಲ. ಕಿಟಕಿ ನೋಡಲು ಚಿಕ್ಕದು. ಆದರೆ ಅದನ್ನು ಮುಟ್ಟಿದರೆ ಗೋಡೆ, ಸೂರು, ಅಡುಗೆಮನೆಯ ಹೊಗೆ, ರಾತ್ರಿಯ ಸೊಳ್ಳೆ, ಮಳೆಗಾಲದ ಇರಚಲು ಎಲ್ಲವನ್ನೂ ಮುಟ್ಟಿದಂತೆ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಒತ್ತೊತ್ತಾಗಿದ್ದರೂ ಅವುಗಳ ಹವೆ ಒಂದೇ ಅಲ್ಲ. ಸೊರಬದ ಪಶ್ಚಿಮ ಭಾಗ ಅಡಕೆ, ಭತ್ತ, ಕಾಡಿನ ಮಲೆನಾಡು. ಶಿಕಾರಿಪುರದ ಕಡೆ ಬರುತ್ತ ಬರುತ್ತ ಮಳೆ ಕಡಿಮೆಯಾಗಿ ಅರೆಮಲೆನಾಡು, ಮುಂದೆ ಬಯಲು. ಒಂದು ಕಡೆ ದಂಡಾವತಿ, ವರದಾ. ಇನ್ನೊಂದು ಕಡೆ ಕುಮುದ್ವತಿ. ಈ ಎರಡೂ ತಾಲ್ಲೂಕುಗಳಲ್ಲಿ 1940ರಿಂದ 1970ರ ದಶಕದವರೆಗೆ ಕಟ್ಟಿದ ಹಂಚಿನ ಮನೆಗಳು ಇಂದಿಗೂ ಸಾಕಷ್ಟಿವೆ. ಕಟ್ಟಿಸಿದವರ ಮೊಮ್ಮಕ್ಕಳು ಈಗ ಅವುಗಳ ಯಜಮಾನರು. ಮನೆಯನ್ನು ಪೂರ್ತಿ ಕೆಡವಲು ಮನಸ್ಸಿಲ್ಲ, ಹಾಗೆಯೇ ಬಿಡಲೂ ಮನಸ್ಸಿಲ್ಲ. ಹೀಗಾದಾಗ ಮೊದಲು ಕೈ ಹೋಗುವುದು ಕಿಟಕಿಗೆ. ಹಳೆಯ ಮರದ ಚೌಕಟ್ಟು ಹಿತ್ತಲಿಗೆ ಬೀಳುತ್ತದೆ. ಆ ಜಾಗದಲ್ಲಿ ಅಲ್ಯುಮಿನಿಯಂ ಹೊಳೆಯುತ್ತದೆ.

ಇದರಿಂದ ಆ ಮನೆಗೆ ಸಿಗುವುದೇನು, ಕಳೆಯುವುದೇನು? ಇದಕ್ಕೆ ಉತ್ತರ ಸಿಗಬೇಕಾದರೆ ಆ ಕಿಟಕಿ ಅಲ್ಲಿಗೆ ಏಕೆ ಬಂತು ಎಂಬುದನ್ನು ತಿಳಿಯಬೇಕು.

ಕಿಂಡಿ, ಗವಾಕ್ಷಿ, ಕಿಟಕಿ

‘ಕಿಟಕಿ’ ಎಂಬ ಮಾತು ನಮಗೆ ಎಷ್ಟೇ ಆಪ್ತವಾಗಿದ್ದರೂ ಅದು ಉತ್ತರದಿಂದ ಬಂದದ್ದು. ಮರಾಠಿಯ, ಹಿಂದಿಯ ‘ಖಿಡಕಿ’ಯೇ ಇಲ್ಲಿ ಕಿಟಕಿ, ಉತ್ತರ ಕರ್ನಾಟಕದಲ್ಲಿ ಕಿಡಕಿ. ತಮಿಳು, ಮಲಯಾಳಗಳ ‘ಜನ್ನಲ್’ ಪೋರ್ಚುಗೀಸರ ‘ಜನೆಲಾ’ದಿಂದ ಬಂತು. ಅಚ್ಚ ಕನ್ನಡದ ಮಾತು ‘ಕಿಂಡಿ’; ಬೆಳಕು ಬರುವ ಕಿಂಡಿ ‘ಬೆಳಕಿಂಡಿ’. ಉಡುಪಿಯ ಕನಕನ ಕಿಂಡಿ ಈ ಮಾತನ್ನು ಮನೆಮನೆಗೆ ಮುಟ್ಟಿಸಿದೆ. ಸಂಸ್ಕೃತದ ‘ಗವಾಕ್ಷ’ ಎಂದರೆ ಗೋವಿನ ಕಣ್ಣು; ‘ವಾತಾಯನ’ ಎಂದರೆ ಗಾಳಿಯ ದಾರಿ. ವಿಚಿತ್ರವೆಂದರೆ ಇಂಗ್ಲಿಷಿನ ‘ವಿಂಡೋ’ ಕೂಡ ಹಳೆಯ ಸ್ಕ್ಯಾಂಡಿನೇವಿಯದ ‘ಗಾಳಿಗಣ್ಣು’ ಎಂಬ ಮಾತಿನಿಂದಲೇ ಹುಟ್ಟಿದ್ದು. ಎಲ್ಲೆಲ್ಲಿಯೂ ಜನ ಕಿಟಕಿಯನ್ನು ಕಣ್ಣು ಎಂದೋ ಗಾಳಿಯ ಹಾದಿ ಎಂದೋ ಕಂಡಿದ್ದಾರೆ. ಗಾಜು ಎಂಬುದು ಈ ಹೆಸರುಗಳಲ್ಲಿ ಎಲ್ಲೂ ಇಲ್ಲ. ಅದು ಬಹಳ ತಡವಾಗಿ ಬಂದ ನೆಂಟ.

ಗಾಜಿಲ್ಲದೆ ಬೆಳಕನ್ನು ಸೋಸಿ ತರುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿರುವ 11ನೇ ಶತಮಾನದ ತ್ರಿಪುರಾಂತಕೇಶ್ವರ ದೇವಾಲಯದಲ್ಲಿ ಕುಣಿಯುವ ಆಕೃತಿಗಳನ್ನು ಕಡೆದ ಕಲ್ಲಿನ ಜಾಲಂಧ್ರಗಳಿವೆ. ಅದೇ ತಾಲ್ಲೂಕಿನ ಬಂದಳಿಕೆಯ ಸೋಮೇಶ್ವರ ದೇವಾಲಯದಲ್ಲಿ ಬಾಗಿಲಿನ ಇಕ್ಕೆಲಗಳಲ್ಲಿ ರಾಮಾಯಣ, ಮಹಾಭಾರತದ ಪ್ರಸಂಗಗಳುಳ್ಳ ಜಾಲಂಧ್ರಗಳನ್ನು ಕಾಣಬಹುದು. ಒಳಗೆ ನಿಂತವರಿಗೆ ಹೊರಗಿನ ಬೆಳಕು ಕಣ್ಣಿಗೆ ಕುಕ್ಕುವುದಿಲ್ಲ. ಗಾಳಿ ಮಾತ್ರ ಬಂದು ಹೋಗುತ್ತದೆ. ಇನ್ನು ಮರದ ಕೆಲಸಕ್ಕೆ ಬಂದರೆ, ಸೊರಬ ಮತ್ತು ಸಾಗರದ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ನಾಡಿನಾಚೆಗೂ ಹೆಸರಾದವರು. ಆದರೆ ಸಾಮಾನ್ಯರ ಮನೆಯ ಕಿಟಕಿ ಕಡೆದವರು ಊರ ಆಚಾರಿಗಳು. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ.

ಕತ್ತಲೆ ಏಕಿತ್ತು?

ನೂರು ವರ್ಷದ ಹಿಂದಿನ ಮನೆಗೆ ಹೋದವರು ಮೊದಲು ಹೇಳುವ ಮಾತು ‘ಅಬ್ಬ, ಏನು ಕತ್ತಲೆ!’ ಎಂಬುದು. ಅಂಗೈ ಅಗಲದ ಕಿಂಡಿಗಳು, ಬಗ್ಗಿ ಹೋಗಬೇಕಾದ ಬಾಗಿಲು, ಮಣ್ಣಿನ ದಪ್ಪ ಗೋಡೆ. ನಮ್ಮ ಹಿರಿಯರಿಗೆ ಬೆಳಕು ಬೇಡವಾಗಿತ್ತೇ?

ಹಾಗೇನಿಲ್ಲ. ಮಣ್ಣಿನ ಗೋಡೆಯಲ್ಲಿ ದೊಡ್ಡ ತೂತು ಬಿಟ್ಟರೆ ಮೇಲಿನ ಭಾರ ಹೊರುವವರು ಯಾರು ಎಂಬುದು ಮೊದಲ ಪ್ರಶ್ನೆ. ಪಡುವಣದಿಂದ ಬೀಸುವ ಮಳೆ ಎರಡನೆಯದು. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಹಿಡಿದರೆ ಮಲೆನಾಡಿನಲ್ಲಿ ನೀರು ಮೇಲಿನಿಂದ ಬೀಳುವುದಿಲ್ಲ, ಅಡ್ಡಲಾಗಿ ಹೊಡೆಯುತ್ತದೆ. ಆ ದಿಕ್ಕಿಗೆ ತಟ್ಟಿ ಕಟ್ಟಿ ಗೋಡೆ ಉಳಿಸಿಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು. ಮೂರನೆಯದು ಕಳ್ಳಕಾಕರ ಭಯ. ಭತ್ತ, ಅಡಕೆ, ಪಾತ್ರೆ ಪದಾರ್ಥ ಎಲ್ಲವೂ ಮನೆಯೊಳಗೇ ಇರುತ್ತಿದ್ದ ಕಾಲದಲ್ಲಿ ಮನೆ ಎಂದರೆ ಅರ್ಧ ಉಗ್ರಾಣ. ಹಗಲಿನ ಬದುಕೆಲ್ಲ ಜಗಲಿಯಲ್ಲಿ, ಅಂಗಳದಲ್ಲಿ, ಗದ್ದೆ ತೋಟದಲ್ಲಿ. ಕೋಣೆ ಬೇಕಾಗಿದ್ದುದು ಮಲಗಲು, ಬಾಣಂತಿಗೆ, ದೇವರಿಗೆ.

ಆದರೆ ಒಂದು ಮಾತನ್ನು ಮರೆಯುವಂತಿಲ್ಲ. ಈ ಕತ್ತಲೆಯ ಬೆಲೆಯನ್ನು ಎಲ್ಲರೂ ಸಮನಾಗಿ ತೆರಲಿಲ್ಲ. ಗಂಡಸರಿಗೆ ಜಗಲಿ ಇತ್ತು. ದಿನದ ಬಹುಪಾಲನ್ನು ಹೊಗೆ ತುಂಬಿದ ಅಡುಗೆಮನೆಯಲ್ಲಿ ಕಳೆದವರು ಹೆಂಗಸರು. ಹಳೆಯ ಮನೆಯ ಚಂದವನ್ನು ಹೊಗಳುವಾಗ ಈ ಲೆಕ್ಕವನ್ನೂ ಜೊತೆಗಿಡಬೇಕು.

ಕತ್ತಲೆ ನಮ್ಮಲ್ಲಿ ಮಾತ್ರ ಇತ್ತೆಂದು ಭಾವಿಸಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ 1696ರಲ್ಲಿ ಕಿಟಕಿಗಳ ಮೇಲೆ ತೆರಿಗೆ ಬಂತು. ಎಷ್ಟು ಕಿಟಕಿಯೋ ಅಷ್ಟು ತೆರಿಗೆ. ಜನ ಇಟ್ಟಿಗೆಯಿಟ್ಟು ಕಿಟಕಿಗಳನ್ನೇ ಮುಚ್ಚಿಬಿಟ್ಟರು. ಬೆಳಕು, ಗಾಳಿ ಇಲ್ಲದೆ ರೋಗ ಹೆಚ್ಚುತ್ತಿದೆ ಎಂದು ವೈದ್ಯರು ಕೂಗಾಡಿದ ಮೇಲೆ, 1851ರಲ್ಲಿ ಆ ತೆರಿಗೆ ರದ್ದಾಯಿತು.

ಬೆಳಕು ಬಂದ ಕಾಲ

ನಮ್ಮಲ್ಲಿ ಕಿಟಕಿ ದೊಡ್ಡದಾಗಲು ಕಾರಣಗಳು ಒಂದೆರಡಲ್ಲ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದಾಗ, ಇಕ್ಕಟ್ಟಾದ, ಗಾಳಿಯಾಡದ ಮನೆಗಳು ಮೃತ್ಯುವಿನ ಮನೆಗಳು ಎಂಬ ಮಾತು ಸರ್ಕಾರಕ್ಕೂ ಜನಕ್ಕೂ ತಟ್ಟಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಹುಟ್ಟಿದ್ದು ಆ ಹಿನ್ನೆಲೆಯಲ್ಲಿ. ಅಲ್ಲಿನ ಮನೆಗಳ ಎತ್ತರದ, ಸರಳು ಹಾಕಿದ ಕಿಟಕಿಗಳು ಕ್ರಮೇಣ ‘ಒಳ್ಳೆಯ ಮನೆ’ಯ ಗುರುತಾದವು. ಸರ್ಕಾರಿ ಶಾಲೆ, ಆಸ್ಪತ್ರೆ, ಪ್ರವಾಸಿ ಮಂದಿರಗಳು ಆ ಮಾದರಿಯನ್ನು ತಾಲ್ಲೂಕು ಕೇಂದ್ರಗಳಿಗೆ ತಂದವು.

ಸಾಮಗ್ರಿಯೂ ಬದಲಾಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಮಂಗಳೂರು ಹೆಂಚು ಘಟ್ಟ ಹತ್ತಿತು. ಹುಲ್ಲು, ಸೋಗೆಯ ಮಾಡಿನ ಮನೆಗೆ ಗೋಡೆ ಗಿಡ್ಡವಾಗಿದ್ದರೂ ನಡೆಯುತ್ತಿತ್ತು. ಹೆಂಚು ಬಂದ ಮೇಲೆ ಗೋಡೆ ಎತ್ತರವಾಯಿತು. ಗೋಡೆ ಎತ್ತರವಾದದ್ದರಿಂದ ಕಿಟಕಿಗೆ ಜಾಗ ಸಿಕ್ಕಿತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿ, ಕಬ್ಬಿಣವೆಂಬುದು ಜಿಲ್ಲೆಯ ಜನಕ್ಕೆ ಪರಿಚಿತ ವಸ್ತುವಾಯಿತು. ಕಿಟಕಿಗೆ ಕಬ್ಬಿಣದ ಸರಳು ಬಂದ ಮೇಲೆ ಕಳ್ಳನ ಭಯ ಕಡಿಮೆಯಾಯಿತು. ಹಾಗಾಗಿ ಕಿಟಕಿಯನ್ನು ದೊಡ್ಡದು ಮಾಡುವ ಧೈರ್ಯವೂ ಬಂತು.

ಇನ್ನೊಂದು ಭಯ ಮಲೇರಿಯಾದ್ದು. 20ನೇ ಶತಮಾನದ ಮೊದಲ ದಶಕಗಳಲ್ಲಿ ಮಲೆನಾಡಿನ ಜನಸಂಖ್ಯೆ ಕುಗ್ಗಲು ಈ ಚಳಿಜ್ವರವೇ ದೊಡ್ಡ ಕಾರಣ. ಸೊಳ್ಳೆಯಿಂದ ಮಲೇರಿಯಾ ಎಂಬುದಕ್ಕೆ ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಆಧಾರ ಕಂಡುಹಿಡಿದರು. ಮೂರೇ ವರ್ಷದಲ್ಲಿ, 1900ರಲ್ಲಿ, ಸ್ಯಾಂಬನ್ ಮತ್ತು ಲೋ ಎಂಬ ಇಬ್ಬರು ವೈದ್ಯರು ಇಟಲಿಯ ರೋಮ್ ಬಳಿಯ ಮಲೇರಿಯಾ ಪ್ರದೇಶದಲ್ಲಿ ಕಿಟಕಿ ಬಾಗಿಲಿಗೆಲ್ಲ ಜಾಲರಿ ಬಡಿದ ಗುಡಿಸಿಲಿನಲ್ಲಿ ಒಂದು ಬೇಸಿಗೆ ಕಳೆದರು. ಸುತ್ತಲಿನವರಿಗೆಲ್ಲ ಜ್ವರ, ಇವರಿಗೆ ಇಲ್ಲ. ಒಂದು ಚೂರು ತಂತಿಯ ಬಲೆ ಎಂಥ ಔಷಧ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ನಮ್ಮಲ್ಲಿ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದು ಡಿಡಿಟಿ ಸಿಂಪಡಣೆ ನಡೆಯಿತು. ಸಂಜೆಯಾದೊಡನೆ ಕಿಂಡಿ ಮುಚ್ಚುತ್ತಿದ್ದ ಜನ ಕಿಟಕಿ ತೆರೆದಿಡಲು ಅಂಜುವ ಅಗತ್ಯ ಕಡಿಮೆಯಾಯಿತು.

ಕೊನೆಯದಾಗಿ ನೆಲದ ಪ್ರಶ್ನೆ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದದ್ದು ಎಲ್ಲರಿಗೂ ತಿಳಿದಿದೆ. 1974ರ ಭೂಸುಧಾರಣಾ ತಿದ್ದುಪಡಿಯಿಂದ ಉಳುವವನೇ ಒಡೆಯನಾದ. ನೆಲ ತನ್ನದಲ್ಲದವನು ಕಿಟಕಿಗೆ ಒಳ್ಳೆಯ ಮರ ಹಾಕಲು ಹಿಂದೆಮುಂದೆ ನೋಡುತ್ತಾನೆ. ನೆಲ ತನ್ನದಾದ ಮೇಲೆ ಹಾಗಲ್ಲ. ಆ ಕಾಲದ ಎಷ್ಟೋ ಮನೆಗಳ ಮುಂಭಾಗದ ಜೋಡಿ ಕಿಟಕಿ ಒಂದು ಕುಟುಂಬ ನೆಲೆಯೂರಿದ್ದಕ್ಕೆ ಹಾಕಿದ ಮೊಹರು ಎನ್ನಬಹುದು.

ನಾಲ್ಕು ಕದದ ಜಾಣತನ

ಈ ಮನೆಗಳ ಕಿಟಕಿಯನ್ನು ಒಮ್ಮೆ ಗಮನವಿಟ್ಟು ನೋಡಿ. ಮತ್ತಿ, ಹೊನ್ನೆ, ನಂದಿ, ಹಲಸು ಅಥವಾ ಸಾಗುವಾನಿಯ ಚೌಕಟ್ಟು. ನಡುವೆ ನೆಟ್ಟಗೆ ನಿಂತ ಕಬ್ಬಿಣದ ಸರಳುಗಳು. ಅನೇಕ ಕಡೆ ಎರಡಲ್ಲ, ನಾಲ್ಕು ಕದಗಳು: ಮೇಲೆ ಎರಡು, ಕೆಳಗೆ ಎರಡು. ಇದು ಬರೀ ಅಲಂಕಾರವಲ್ಲ. ಕೆಳಗಿನ ಕದ ಮುಚ್ಚಿ ಮೇಲಿನದು ತೆರೆದರೆ ದಾರಿಹೋಕರಿಗೆ ಒಳಗಿನದು ಕಾಣದು, ಬೆಳಕು ಮಾತ್ರ ಕೋಣೆಯ ಆಳದವರೆಗೆ ಬರುತ್ತದೆ. ಮೇಲಿನದು ಮುಚ್ಚಿ ಕೆಳಗಿನದು ತೆರೆದರೆ ಚಾಪೆಯ ಮೇಲೆ ಮಲಗಿದವರಿಗೆ ಗಾಳಿ ತಗಲುತ್ತದೆ. ಮಳೆ ಇದ್ದರೆ ಒಂದು, ಬಿಸಿಲಿದ್ದರೆ ಇನ್ನೊಂದು. ಒಂದೇ ಕಿಟಕಿಗೆ ನಾಲ್ಕಾರು ಬಗೆಯ ಉಪಯೋಗ.

ಹಲವು ಹಳೆಯ ಮನೆಗಳಲ್ಲಿ ಕಿಟಕಿಯ ಕೆಳಪಟ್ಟಿ ನೆಲದಿಂದ ಒಂದೂವರೆ, ಎರಡು ಅಡಿಯಷ್ಟೇ ಮೇಲಿರುತ್ತದೆ. ಈಗ ಮೂರಡಿ ಸಾಮಾನ್ಯ. ಕಾರಣ ಸರಳ. ಆಗ ಬದುಕು ನೆಲದ ಮೇಲೆ ನಡೆಯುತ್ತಿತ್ತು: ಕೂರುವುದು, ಉಣ್ಣುವುದು, ಓದುವುದು, ಮಲಗುವುದು ಎಲ್ಲ. ಕೂತವರ ಕಣ್ಣಿನ ಎತ್ತರಕ್ಕೆ ಕಿಟಕಿ. ಕುರ್ಚಿ, ಮಂಚ ಬಂದ ಮೇಲೆ ಕಣ್ಣು ಮೇಲೇರಿತು, ಕಿಟಕಿಯೂ ಮೇಲೇರಿತು.

ಆ ಕಾಲದ ಗಾಜಿನಲ್ಲಿ ಹೊರಗಿನ ದೃಶ್ಯ ತುಸು ಅಲೆಅಲೆಯಾಗಿ ಕಾಣುವುದುಂಟು. ಗಾಜು ವರ್ಷಗಳು ಕಳೆದಂತೆ ನಿಧಾನವಾಗಿ ಕೆಳಗೆ ಹರಿಯುತ್ತದೆ, ಅದಕ್ಕೇ ಹೀಗೆ ಎಂದು ಹೇಳುವವರಿದ್ದಾರೆ. ಅದು ನಿಜವಲ್ಲ. ಆಗ ಕರಗಿದ ಗಾಜನ್ನು ಹಾಳೆಯಂತೆ ಎಳೆದು ತಯಾರಿಸುತ್ತಿದ್ದರು, ಎಳೆದ ಗುರುತು ಉಳಿಯುತ್ತಿತ್ತು. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಕನ್ನಡಿಯಂತೆ ನಯ ಮಾಡುವ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪೆನಿ ಪ್ರಕಟಿಸಿದ್ದು 1959ರಲ್ಲಿ. ಇಂದು ಅಂಗಡಿಯಲ್ಲಿ ಸಿಗುವುದು ಆ ಬಗೆಯ ಗಾಜು.

ದೂರುಗಳು ಸುಳ್ಳಲ್ಲ

ಹಾಗಾದರೆ ಜನ ಈ ಕಿಟಕಿಯನ್ನು ಕಿತ್ತು ಹಾಕುವುದೇಕೆ? ದೂರುಗಳು ಸಾಕಷ್ಟಿವೆ. ಮಳೆಗಾಲದಲ್ಲಿ ಕದ ಉಬ್ಬಿ ಕೂರುವುದಿಲ್ಲ. ಬೇಸಿಗೆಯಲ್ಲಿ ಸಂದು ಬಿಡುತ್ತದೆ. ಕೆಳಪಟ್ಟಿ ಕೊಳೆತಿದೆ. ಗೆದ್ದಲು ಹಿಡಿದಿದೆ. ಸೊಳ್ಳೆ ಬರುತ್ತದೆ. ಕೋಣೆಯಲ್ಲಿ ಹಗಲೂ ದೀಪ ಬೇಕು. ಪ್ರತಿಯೊಂದಕ್ಕೂ ಕಾರಣವಿದೆ, ಹೆಚ್ಚಿನವಕ್ಕೆ ಪರಿಹಾರವೂ ಇದೆ.

ಮರ ನೀರು ಕುಡಿದಾಗ ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಉಬ್ಬುತ್ತದೆ. ಅಡಿಯಗಲದ ಹಲಗೆ ಆಷಾಢದಲ್ಲಿ ಕೆಲವು ಮಿಲಿಮೀಟರ್ ಹೆಚ್ಚಿದರೆ ಸಾಕು, ಕದ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ನಾವು ಮಾಡುವ ತಪ್ಪೆಂದರೆ ಮಳೆಗಾಲದಲ್ಲೇ ಆಚಾರಿಯನ್ನು ಕರೆಸಿ ಉಬ್ಬಿದ್ದನ್ನು ಕೆತ್ತಿಸಿಬಿಡುವುದು. ಮಾಘ, ಫಾಲ್ಗುಣದಲ್ಲಿ ಮರ ಒಣಗಿ ಕುಗ್ಗಿದಾಗ ಬೆರಳು ಹೋಗುವಷ್ಟು ಸಂದು ಬೀಳುತ್ತದೆ. ಮಳೆಯಲ್ಲಿ ಎಲ್ಲಿ ಕಚ್ಚುತ್ತದೆಂದು ಗುರುತು ಹಾಕಿಟ್ಟುಕೊಂಡು, ಮರ ಒಣಗಿದ ಮೇಲೆ ಹದವಾಗಿ ಕೆತ್ತಿಸುವುದೇ ಸರಿಯಾದ ಕ್ರಮ.

ಇನ್ನೊಂದು ಗುಟ್ಟು ಬಣ್ಣದ್ದು. ಕದದ ಮುಂದೆ, ಹಿಂದೆ ಬಣ್ಣ ಬಳಿಯುತ್ತೇವೆ. ಮೇಲಿನ ಅಂಚು, ಕೆಳಗಿನ ಅಂಚು ಬಿಟ್ಟುಬಿಡುತ್ತೇವೆ, ಕಣ್ಣಿಗೆ ಕಾಣುವುದಿಲ್ಲವಲ್ಲ! ಆದರೆ ಮರ ಹೆಚ್ಚು ನೀರು ಕುಡಿಯುವುದು ನಾರು ಕಡಿದ ತುದಿಗಳಲ್ಲೇ. ಕದವನ್ನು ಬಿಜಾಗರಿಯಿಂದ ಬಿಚ್ಚಿ ಆರೂ ಮುಖಕ್ಕೆ ಬಣ್ಣ ಅಥವಾ ಎಣ್ಣೆ ಕೊಟ್ಟರೆ ಉಬ್ಬುವ ರೋಗ ಬಹುಪಾಲು ಇಳಿಯುತ್ತದೆ. ಗೆದ್ದಲಿಗೆ ಕರಾವಳಿಯವರು ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಹಳೆಯ ರೂಢಿ. ಆ ಎಣ್ಣೆ ಚರ್ಮ ಸುಡುತ್ತದೆ, ಕೈಗೆ ರಕ್ಷಣೆ ಬೇಕು.

ಕೆಳಪಟ್ಟಿ ಕೊಳೆಯುವುದು ಸಾಮಾನ್ಯವಾಗಿ ಸರಳು ಊರಿದ ತೂತಿನಲ್ಲಿ. ಅಲ್ಲಿ ನೀರು ನಿಲ್ಲುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಮರ ಸೀಳುತ್ತದೆ. ಇದಕ್ಕೆ ಇಡೀ ಕಿಟಕಿ ಬದಲಿಸಬೇಕಾಗಿಲ್ಲ. ಕೊಳೆತಷ್ಟನ್ನು ಕತ್ತರಿಸಿ, ಅದೇ ಜಾತಿಯ ಮರದ ತುಂಡನ್ನು ಓರೆಯಾಗಿ ಬೆಸೆಯುವುದನ್ನು ಅನುಭವಿ ಆಚಾರಿ ಮಾಡಬಲ್ಲ. ಹಲ್ಲು ಹುಳುಕಾದರೆ ದವಡೆ ತೆಗೆಯುವವರುಂಟೆ?

ಹೊಳಪಿನ ಲೆಕ್ಕ

ಅಲ್ಯುಮಿನಿಯಂ ಜಾರುಕಿಟಕಿಗೆ ಅದರದೇ ಗುಣಗಳಿವೆ. ಗೆದ್ದಲು ಹಿಡಿಯದು, ಉಬ್ಬದು, ಬಣ್ಣ ಬೇಡದು. ಕೆಲವೇ ದಿನಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ಎರಡು ಹಳಿಯ ಜಾರುಕಿಟಕಿಯಲ್ಲಿ ಒಂದು ಗಾಜು ಇನ್ನೊಂದರ ಹಿಂದೆ ಸರಿಯುವುದರಿಂದ ಎಷ್ಟೇ ತೆರೆದರೂ ತೆರೆಯುವುದು ಅರ್ಧವೇ. ನಾಲ್ಕಡಿ ಅಗಲದ ಹಳೆಯ ಕಿಟಕಿಯಲ್ಲಿ ನಾಲ್ಕಡಿಯಷ್ಟೂ ಗಾಳಿ ಬರುತ್ತಿದ್ದರೆ ಹೊಸದರಲ್ಲಿ ಎರಡಡಿ. ‘ದೊಡ್ಡ ಕಿಟಕಿ ಇಡಿಸಿದರೂ ಸೆಕೆ’ ಎಂಬ ಗೊಣಗಾಟದ ಮೂಲ ಇದು.

ಇನ್ನೊಂದು ಲೆಕ್ಕ ಶಾಖದ್ದು. ಅಲ್ಯುಮಿನಿಯಂ ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖವನ್ನು ಹಾಯಿಸುತ್ತದೆ. ಬಿಸಿಲಿಗೆ ಕಾದ ಪಟ್ಟಿ ಒಳಗೂ ಕಾಯುತ್ತದೆ. ಯುಪಿವಿಸಿ ಎಂಬ ಪ್ಲಾಸ್ಟಿಕ್ ಕಿಟಕಿ ಈ ವಿಷಯದಲ್ಲಿ ಮರಕ್ಕೆ ಹತ್ತಿರ. ಆದರೆ ಪಟ್ಟಿ ಒಡೆದರೆ ಊರ ಆಚಾರಿ ಸರಿಮಾಡುವಂಥದ್ದಲ್ಲ, ಕಂಪೆನಿಯ ಬಿಡಿಭಾಗವೇ ಬರಬೇಕು. ಎಲ್ಲಕ್ಕಿಂತ ಮುಖ್ಯವಾದುದು ಸೂರು. ಹಂಚಿನ ಮನೆಯ ಉದ್ದ ಸೂರು ಕಿಟಕಿಗೆ ಕೊಡೆ ಹಿಡಿದಂತೆ ಇತ್ತು. ಮುಂಭಾಗ ಕೆಡವಿ ತಾರಸಿ ಹಾಕಿಸಿದಾಗ ಸೂರು ಹೋಗುತ್ತದೆ, ಗೇಣಗಲದ ಸಜ್ಜ ಉಳಿಯುತ್ತದೆ. ಆಗ ಮಳೆ ನೇರ ಗಾಜಿಗೆ, ಬಿಸಿಲು ನೇರ ಮಂಚಕ್ಕೆ. ತಪ್ಪು ಕಿಟಕಿಯದ್ದಲ್ಲ, ಕಿತ್ತುಹಾಕಿದ ಸೂರಿನದ್ದು.

ಎಷ್ಟು ದೊಡ್ಡ ಕಿಟಕಿ ಬೇಕು? 1970ರಲ್ಲಿ ಮೊದಲು ಪ್ರಕಟವಾದ ರಾಷ್ಟ್ರೀಯ ಕಟ್ಟಡ ಸಂಹಿತೆ ಇದಕ್ಕೊಂದು ಸುಲಭ ಸೂತ್ರ ಕೊಡುತ್ತದೆ. ಒಣ ಸೆಕೆಯ ಪ್ರದೇಶದಲ್ಲಿ ಕಿಟಕಿಗಳ ಒಟ್ಟು ವಿಸ್ತಾರ ನೆಲದ ಹತ್ತನೇ ಒಂದು ಭಾಗಕ್ಕೆ, ತೇವ ಸೆಕೆಯ ಪ್ರದೇಶದಲ್ಲಿ ಆರನೇ ಒಂದು ಭಾಗಕ್ಕೆ ಕಡಿಮೆ ಇರಬಾರದು. ಹತ್ತು ಹನ್ನೆರಡು ಅಡಿಯ ಕೋಣೆ ಎಂದರೆ 120 ಚದರಡಿ. ಆರನೇ ಒಂದು ಎಂದರೆ 20 ಚದರಡಿ. ಎರಡಡಿ ಅಗಲ, ಮೂರಡಿ ಎತ್ತರದ ಹಳೆಯ ಕಿಟಕಿ ಒಂದಿದ್ದರೆ ಆಗುವುದು ಆರೇ ಚದರಡಿ! ಕೋಣೆ ಕತ್ತಲೆ ಎಂಬ ದೂರು ನಿಜ ಎಂದಾಯಿತು. ಮೂರಡಿ, ನಾಲ್ಕಡಿಯ ಎರಡು ಕಿಟಕಿಗಳಿದ್ದರೆ 24 ಚದರಡಿ. ಅವೆರಡೂ ಒಂದೇ ಗೋಡೆಯಲ್ಲಿರದೆ ಎದುರುಬದುರಾಗಿದ್ದರೆ ಗಾಳಿ ಒಂದರಿಂದ ಬಂದು ಇನ್ನೊಂದರಿಂದ ಹೋಗುತ್ತದೆ. ಹೋಗಲು ದಾರಿ ಇಲ್ಲದ ಗಾಳಿ ಬರುವುದೂ ಇಲ್ಲ.

ಮೊದಲು ಅಡುಗೆಮನೆ

ಹಣ ಇರುವುದು ಒಂದೇ ಕಿಟಕಿಗೆ ಎಂದಾದರೆ ಯಾವುದನ್ನು ಬದಲಿಸಬೇಕು? ಹೆಚ್ಚಿನವರು ಬೀದಿಗೆ ಕಾಣುವ ಮುಂದಿನ ಕಿಟಕಿಯಿಂದ ಆರಂಭಿಸುತ್ತಾರೆ. ನಿಜವಾಗಿ ಆರಂಭಿಸಬೇಕಾದದ್ದು ಹಿಂದಿನಿಂದ.

ಮನೆಯೊಳಗಿನ ಒಲೆಯ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೊಗೆಕೊಳವೆಯುಳ್ಳ ‘ಅಸ್ತ್ರ ಒಲೆ’ ರೂಪಿಸಿದ್ದು ಈ ಕಾರಣಕ್ಕೆ. ಗ್ಯಾಸ್ ಬಂದ ಮೇಲೆ ಕಷ್ಟ ಕಡಿಮೆಯಾಗಿದೆ, ನಿಜ. ಆದರೂ ಬಚ್ಚಲ ಹಂಡೆಗೆ, ಹಬ್ಬದ ಅಡುಗೆಗೆ, ದನದ ಮುಸುರೆಗೆ ಸೌದೆ ಒಲೆ ಉರಿಯುವ ಮನೆಗಳು ಇಲ್ಲಿ ಕಡಿಮೆ ಇಲ್ಲ.

ಬಿಸಿ ಗಾಳಿ ಮೇಲೇರುತ್ತದೆ. ಆದ್ದರಿಂದ ಅಡುಗೆಮನೆಗೆ ಕೆಳಗೊಂದು ಕಿಟಕಿ ಸಾಲದು, ಗೋಡೆಯ ತುದಿಯಲ್ಲಿ ಬೆಳಕಿಂಡಿಯೂ ಬೇಕು. ಕೆಳಗಿನಿಂದ ತಂಪು ಗಾಳಿ ಬಂದು, ಮೇಲಿನಿಂದ ಹೊಗೆ ಹೋಗುತ್ತದೆ. ವಿದ್ಯುತ್ತಿಲ್ಲದೆ ನಡೆಯುವ ಪಂಖ ಇದು. ಬೆಳಕಿಗೆ ಇನ್ನೂ ಅಗ್ಗದ ದಾರಿಯುಂಟು: ನಾಲ್ಕಾರು ಹಂಚು ತೆಗೆದು ಅದೇ ಅಳತೆಯ ಗಾಜಿನ ಹಂಚು ಹೊದಿಸುವುದು. ಗೋಡೆ ಮುಟ್ಟಬೇಕಾಗಿಲ್ಲ, ಅರ್ಧ ದಿನದ ಕೆಲಸ. ಹಗಲು ದೀಪ ಹಾಕದೆ ಅಕ್ಕಿಯಲ್ಲಿನ ಕಲ್ಲು ಆರಿಸಬಹುದು.

ಗೋಡೆ ಮುಟ್ಟುವ ಮುನ್ನ

ಮಣ್ಣಿನ, ಜಂಬಿಟ್ಟಿಗೆಯ ಗೋಡೆಗಳಲ್ಲಿ ಕಿಟಕಿ ದೊಡ್ಡದು ಮಾಡುವುದು ಎಚ್ಚರದ ಕೆಲಸ. ಕಿಟಕಿಯ ಮೇಲೆ ಅಡ್ಡಲಾಗಿ ಮಲಗಿಸಿದ ಮರದ ತೊಲೆ ಮೇಲಿನ ಗೋಡೆಯ ಭಾರ ಹೊರುತ್ತದೆ. ಕಿಟಕಿಯ ಅಗಲ ಹೆಚ್ಚಿಸಿದರೆ ಈ ತೊಲೆ ಸಾಲದೆ ಬರುತ್ತದೆ. ಅದನ್ನು ತೆಗೆಯಬೇಕಾದರೆ ಮೇಲಿನ ಗೋಡೆಗೆ ಊರೆಗೋಲು ಕೊಡಬೇಕು, ಮಾಡಿನ ಭಾರವನ್ನೂ ನೋಡಬೇಕು. ಅದರ ಬದಲು ಅಗಲವನ್ನು ಹಾಗೇ ಬಿಟ್ಟು ಕೆಳಗಿನ ಗೋಡೆ ಇಳಿಸಿ ಎತ್ತರ ಹೆಚ್ಚಿಸಿದರೆ ತೊಲೆಯ ಮೇಲೆ ಹೊಸ ಭಾರ ಬೀಳುವುದಿಲ್ಲ. ಬೆಳಕೂ ಹೆಚ್ಚುತ್ತದೆ, ಗೋಡೆಯೂ ಉಳಿಯುತ್ತದೆ. ಹೊಸದಾಗಿ ಕಿಟಕಿ ತೆಗೆಯುವುದಾದರೆ ಮನೆಯ ಮೂಲೆಯಿಂದ ಕನಿಷ್ಠ ಎರಡಡಿ ಬಿಡುವುದು ಒಳ್ಳೆಯದು. ಎರಡು ಗೋಡೆ ಸೇರುವ ಜಾಗ ಮನೆಯ ಬೆನ್ನೆಲುಬು. ಈ ಕೆಲಸಕ್ಕೆ ಮಳೆಗಾಲ ಸಲ್ಲದು; ಕೆಡವುವ ಮುನ್ನ ತಿಳಿದ ಮೇಸ್ತ್ರಿಗೋ ಎಂಜಿನಿಯರಿಗೋ ತೋರಿಸಬೇಕು.

ಚೌಕಟ್ಟಿನ ಸುತ್ತ ಸಿಮೆಂಟು ಮೆತ್ತುವುದು ಇನ್ನೊಂದು ರೂಢಿ. ಮಣ್ಣಿನ ಗೋಡೆ ಉಸಿರಾಡುವ ಗೋಡೆ. ಹೀರಿದ ತೇವವನ್ನು ಮೆಲ್ಲಗೆ ಬಿಡುತ್ತದೆ. ಸಿಮೆಂಟು ಅದರ ಬಾಯಿ ಕಟ್ಟುತ್ತದೆ. ತೇವ ಒಳಗೇ ಉಳಿದು ಗಾರೆ ಬಿರಿಯುತ್ತದೆ. ಅಂಥಲ್ಲಿ ಸುಣ್ಣದ ಗಾರೆಯೇ ಲೇಸು.

ಸೊಳ್ಳೆಗೆ ಜಾಲರಿ ಬೇಕು, ಅನುಮಾನವಿಲ್ಲ. ಆದರೆ ಜಾಲರಿ ಗಾಳಿಯನ್ನೂ ಗಮನಾರ್ಹವಾಗಿ ತಡೆಯುತ್ತದೆ. ಆದ್ದರಿಂದ ಜಾಲರಿಯನ್ನು ಚೌಕಟ್ಟಿಗೆ ಮೊಳೆ ಹೊಡೆದು ಶಾಶ್ವತಗೊಳಿಸದೆ, ಬಿಚ್ಚಿ ತೊಳೆಯುವಂತೆ ಬೇರೆ ಕದ ಮಾಡಿಸುವುದು ಲೇಸು. ಗ್ರಿಲ್ಲಿನ ವಿಷಯದಲ್ಲೂ ಒಂದು ಮಾತು. ಎಲ್ಲ ಕಿಟಕಿಗೂ ಗ್ರಿಲ್ ಬೆಸೆದುಬಿಟ್ಟರೆ ಬೆಂಕಿ ಬಿದ್ದ ಹೊತ್ತಿನಲ್ಲಿ ಹೊರಬರಲು ದಾರಿ ಇರುವುದಿಲ್ಲ. ಒಂದು ಮಲಗುವ ಕೋಣೆಯ ಗ್ರಿಲ್ಲಾದರೂ ಒಳಗಿನಿಂದ ಚಿಲಕ ತೆಗೆದು ತೆರೆಯುವಂತಿರಬೇಕು.

ಕಿತ್ತ ಮರ ಎಲ್ಲಿಗೆ?

ಹಿತ್ತಲಿಗೆ ಬಿದ್ದ ಹಳೆಯ ಚೌಕಟ್ಟಿನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಕೊಂಡೊಯ್ಯುವವರು ಬರುತ್ತಾರೆ. ಹಳೆ ಮನೆಗಳ ಬಾಗಿಲು, ಕಿಟಕಿ, ಕಂಬಗಳಿಗೆ ತಮಿಳುನಾಡಿನ ಕಾರೈಕುಡಿ, ಕೇರಳದ ಕೊಚ್ಚಿಯಂಥ ಕಡೆ ದೊಡ್ಡ ಪೇಟೆಗಳೇ ಇವೆ. ಮನೆಯವರು ಸೌದೆಯ ಲೆಕ್ಕದಲ್ಲಿ ಕೊಟ್ಟದ್ದು ನಗರದ ಹೋಟೆಲಿನ, ಬಂಗಲೆಯ ಗೋಡೆಯಲ್ಲಿ ಅಲಂಕಾರವಾಗಿ ಕೂರುತ್ತದೆ. ಮಣಿಪಾಲದ ‘ಹಸ್ತಶಿಲ್ಪ’ದಲ್ಲಿ ವಿಜಯನಾಥ ಶೆಣೈ ಅವರು ಇಂಥ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಕಟ್ಟಿ ಉಳಿಸಿದರು. 1996ರಲ್ಲಿ ತೆರೆದ ಚೆನ್ನೈ ಬಳಿಯ ದಕ್ಷಿಣಚಿತ್ರದ್ದೂ ಇಂಥದೇ ಪ್ರಯತ್ನ. ಆದರೆ ಎಲ್ಲ ಮನೆಗೂ ವಸ್ತುಸಂಗ್ರಹಾಲಯದಲ್ಲಿ ಜಾಗ ಸಿಗುವುದಿಲ್ಲ.

ಆ ಮರಕ್ಕೆ ಏಕೆ ಅಷ್ಟು ಬೇಡಿಕೆ? ಅಂಥ ಮರ ಈಗ ಸಿಗುವುದಿಲ್ಲ, ಅದಕ್ಕೆ. 1963ರ ಕರ್ನಾಟಕ ಅರಣ್ಯ ಕಾಯ್ದೆ, 1976ರ ಮರ ಸಂರಕ್ಷಣಾ ಕಾಯ್ದೆ, 1988ರ ರಾಷ್ಟ್ರೀಯ ಅರಣ್ಯ ನೀತಿ, 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಗೋದವರ್ಮನ್ ಪ್ರಕರಣದಲ್ಲಿ ಕೊಟ್ಟ ಆದೇಶ – ಇವುಗಳಿಂದ ಕಾಡಿನ ಮರ ಕಡಿಯುವುದಕ್ಕೆ ಹಂತಹಂತವಾಗಿ ಕಡಿವಾಣ ಬಿತ್ತು. ಅದು ಆಗಬೇಕಾದ್ದೇ. ಆದರೆ ಅದರರ್ಥ ಇಷ್ಟು: 1955ರ ಕಿಟಕಿಯಲ್ಲಿರುವುದು ನಿಧಾನವಾಗಿ ಬೆಳೆದ, ಗಟ್ಟಿ ತಿರುಳಿನ ಕಾಡುಮರ. ಇಂದು ಅಂಗಡಿಯಲ್ಲಿ ಸಿಗುವುದು ಬೇಗ ಬೆಳೆಸಿದ ತೋಪಿನ ಮರ ಅಥವಾ ಹೊರದೇಶದಿಂದ ಬಂದದ್ದು. ಕಿತ್ತ ಚೌಕಟ್ಟು ಪೂರ್ತಿ ಕೆಟ್ಟಿದ್ದರೂ ಅದರ ಒಳ್ಳೆಯ ತುಂಡುಗಳಿಂದ ಉಳಿದ ಕಿಟಕಿಗಳನ್ನು ಸರಿಪಡಿಸಬಹುದು. ಮಾರುವುದೇ ಆದರೆ ಸೌದೆಯ ಬೆಲೆಗೆ ಮಾರಬಾರದು; ಅದು ಯಾವ ಮರ, ಎಷ್ಟು ಘನಅಡಿ ಎಂದು ತಿಳಿದವರಿಂದ ಅಳೆಸಿಯೇ ಮಾತಾಡಬೇಕು.

ಮೂರು ದಾರಿ

ಒಟ್ಟಿನಲ್ಲಿ ನೋಡಿದರೆ ಹಳೆಯ ಮನೆಯವರ ಮುಂದೆ ಮೂರು ದಾರಿಗಳಿವೆ. ಮೊದಲನೆಯದು ದುರಸ್ತಿ: ಕೊಳೆತದ್ದನ್ನು ಬೆಸೆದು, ಬಿಜಾಗರಿ ಬದಲಿಸಿ, ಆರೂ ಮುಖಕ್ಕೆ ಬಣ್ಣ ಕೊಟ್ಟು, ಮರದ ಹಲಗೆಯ ಕದಕ್ಕೆ ಗಾಜು ಕೂರಿಸಿ, ಒಳಗೊಂದು ಜಾಲರಿ ಕದ ಇಡುವುದು. ಎರಡನೆಯದು ಸೇರಿಸುವುದು: ಇದ್ದ ಕಿಟಕಿ ಇದ್ದಂತೆ ಇರಲಿ, ಎದುರು ಗೋಡೆಗೊಂದು ಹೊಸ ಕಿಟಕಿ, ಅಡುಗೆಮನೆಗೊಂದು ಬೆಳಕಿಂಡಿ, ಮಾಡಿಗೆ ನಾಲ್ಕು ಗಾಜಿನ ಹಂಚು. ಮೂರನೆಯದು ಪೂರ್ತಿ ಬದಲಿಸುವುದು. ಚೌಕಟ್ಟು ನಿಜವಾಗಿಯೂ ಕೈಮೀರಿ ಹೋಗಿದ್ದರೆ ಅದೂ ತಪ್ಪಲ್ಲ. ಬಾಗಿಲಿನಂತೆ ಪೂರ್ತಿ ತೆರೆಯುವ ಕದವನ್ನೇ ಆರಿಸಿಕೊಂಡು ಸೂರು ಉಳಿಸಿಕೊಂಡರೆ ಸಾಕು.

ಖರ್ಚಿಗೆ ಹೆದರುವವರಿಗೆ ಕೇರಳದಲ್ಲಿ ನೆಲೆಸಿ ಬಡವರ ಮನೆಗಳ ವಾಸ್ತುಶಿಲ್ಪಿಯೆಂದು ಹೆಸರಾದ ಲಾರಿ ಬೇಕರ್ (1917–2007) ಹೇಳಿಕೊಟ್ಟ ಕಿಟಕಿಯೊಂದಿದೆ. ಚೌಕಟ್ಟೇ ಇಲ್ಲ. ನೆಟ್ಟಗೆ ನಿಲ್ಲಿಸಿದ ಒಂದು ಹಲಗೆ, ಮೇಲೊಂದು ಕೆಳಗೊಂದು ಗೂಟ, ಗೋಡೆಯಲ್ಲಿ ಎರಡು ಕುಳಿ. ಹಲಗೆಯನ್ನು ತಿರುಗಿಸಿದರೆ ಗಾಳಿ, ಬೆಳಕು. ಮರಳಿ ತಿರುಗಿಸಿದರೆ ಭದ್ರ. ಅವರ ಇಟ್ಟಿಗೆಯ ಜಾಲಿ ಗೋಡೆಗಳನ್ನು ನೋಡಿದರೆ ಬಂದಳಿಕೆಯ ಕಲ್ಲಿನ ಜಾಲಂಧ್ರದ ಬಡ ನೆಂಟನಂತೆ ಕಾಣುತ್ತವೆ.

1950ರಲ್ಲಿ ಕಿಟಕಿ ಇಡಿಸಿದವರು ತಮ್ಮ ಹಿಂದಿನವರ ಕಿಂಡಿಯನ್ನು ದೊಡ್ಡದು ಮಾಡಿದವರೇ. ಅವರೂ ಹಳತನ್ನು ಬದಲಿಸಿದರು, ಏಕೆಂದರೆ ಅವರಿಗೆ ಬೆಳಕು ಬೇಕಿತ್ತು. ಅವರ ಮೊಮ್ಮಕ್ಕಳೂ ಬದಲಿಸುವುದರಲ್ಲಿ ತಪ್ಪಿಲ್ಲ. ಆದರೆ ಅಂದಿನವರು ಮಳೆ ಯಾವ ದಿಕ್ಕಿನಿಂದ ಬರುತ್ತದೆ, ಬಾಣಂತಿ ಎಲ್ಲಿ ಮಲಗುತ್ತಾಳೆ, ದಾರಿಯಿಂದ ಏನು ಕಾಣುತ್ತದೆ, ಎಂಥ ಮರ ಎಷ್ಟು ಕಾಲ ಬಾಳುತ್ತದೆ ಎಂಬುದನ್ನೆಲ್ಲ ಯೋಚಿಸಿ ಕಿಟಕಿ ಇಟ್ಟರು. ಹೊಸ ಕಿಟಕಿಗೆ ಅಳತೆ ತೆಗೆಯಲು ಅಂಗಡಿಯವನು ಟೇಪು ಹಿಡಿದು ಬಂದಾಗ ಅಡುಗೆಮನೆಯಲ್ಲಿ ಇರುವವರನ್ನೂ ಕರೆದು ಒಂದು ಮಾತು ಕೇಳಿದರೆ, ಅರ್ಧ ಕೆಲಸ ಸರಿಯಾದಂತೆಯೇ.